ಸಣ್ಣ ಊರಿನಲ್ಲಿ ಇವಿ ಚಾರ್ಜಿಂಗ್: ಹುಡುಕುವುದರಿಂದ ಹಿಡಿದು ನಂಬಿ ಹೊರಡುವವರೆಗೆ

ದೊಡ್ಡ ನಗರದಲ್ಲಿ ಇವಿಯ, ಎಂದರೆ ವಿದ್ಯುತ್ ಕಾರಿನ, ಒಂದು ಚಾರ್ಜರ್ ಕೆಟ್ಟಿದ್ದರೆ ಹತ್ತು ನಿಮಿಷದ ದಾರಿಯಲ್ಲಿ ಇನ್ನೊಂದು ಸಿಗುತ್ತದೆ. ಸಣ್ಣ ಊರಿನಲ್ಲಿ ಆ ಧೈರ್ಯ ಇರುವುದಿಲ್ಲ. ನಕ್ಷೆಯಲ್ಲಿ ಮೂರು ಚುಕ್ಕೆ ಕಾಣಿಸುತ್ತವೆ. ಹೋಗಿ ನೋಡಿದರೆ ಅವುಗಳಲ್ಲಿ ಎರಡು ಒಂದೇ ಪೆಟ್ಟಿಗೆಯ ಎರಡು ಗನ್ (ಕೇಬಲ್ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿ) ಆಗಿರಬಹುದು, ಮೂರನೆಯದು ಸಂಜೆಯಾದರೆ ಗೇಟು ಹಾಕುವ ಆವರಣದ ಒಳಗಿರಬಹುದು. ಆದ್ದರಿಂದ ಇಂಥ ಊರಿನಲ್ಲಿ ಎಷ್ಟು ಚಾರ್ಜರ್ ಇವೆ ಎಂದು ಎಣಿಸಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಒಂದು ಕೈಕೊಟ್ಟರೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು, ಉಳಿದ ಚಾರ್ಜ್‌ನಲ್ಲಿ ತಲುಪುವಷ್ಟು ದೂರದಲ್ಲಿದೆಯೇ ಎಂಬುದನ್ನೇ ನೋಡಬೇಕು. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿ.

ಮನೆಯಲ್ಲಿ ಚಾರ್ಜ್ ಮಾಡಲು ಅನುಕೂಲವಿಲ್ಲದೆ ಸಣ್ಣ ಊರಿನಲ್ಲೇ ವಾಸವಾಗಿರುವವರಿಗೂ, ಅಂಥ ಊರಿನ ಮೂಲಕ ದೂರ ಪ್ರಯಾಣ ಹೊರಟವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಹಂತ 1: ಮೊದಲು ನಿಮ್ಮ ಕಾರನ್ನು ತಿಳಿದುಕೊಳ್ಳಿ

ನಕ್ಷೆ ತೆರೆಯುವ ಮೊದಲು ಕಾರಿನ ಕೈಪಿಡಿ ತೆರೆಯಿರಿ. ನಾಲ್ಕು ವಿವರಗಳನ್ನು ಬರೆದಿಟ್ಟುಕೊಳ್ಳಿ: ಬ್ಯಾಟರಿಯಲ್ಲಿ ಬಳಕೆಗೆ ಸಿಗುವ ಯೂನಿಟ್ ಎಷ್ಟು (1 ಯೂನಿಟ್ ಎಂದರೆ 1 ಕಿಲೋವ್ಯಾಟ್ ಅವರ್), ಎಸಿ ಚಾರ್ಜಿಂಗ್‌ನ (ಮನೆಯ ಸಾಕೆಟ್‌ನಲ್ಲಿ ಬರುವ ಬಗೆಯ ವಿದ್ಯುತ್, ನಿಧಾನ) ಗರಿಷ್ಠ ಮಿತಿ ಎಷ್ಟು ಕಿಲೋವ್ಯಾಟ್, ಡಿಸಿ ಚಾರ್ಜಿಂಗ್‌ನ (ನೇರ ಬ್ಯಾಟರಿಗೆ ಹೋಗುವ ವಿದ್ಯುತ್, ವೇಗ) ಮಿತಿ ಎಷ್ಟು, ಸಾಕೆಟ್ ಯಾವ ಬಗೆಯದು.

ಸಾಕೆಟ್ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿನಲ್ಲಿ ಮತ್ತು ಭಾರತದ ಬಹುತೇಕ ಕಾರುಗಳಲ್ಲಿ ಎಸಿಗೆ ಟೈಪ್-2, ಡಿಸಿಗೆ ಸಿಸಿಎಸ್-2. ಜಪಾನಿನಲ್ಲಿ ಡಿಸಿಗೆ ಚಾಡೆಮೊ, ಚೀನಾದಲ್ಲಿ ಜಿಬಿ/ಟಿ. ಉತ್ತರ ಅಮೆರಿಕದಲ್ಲಿ ಟೈಪ್-1 ಮತ್ತು ಸಿಸಿಎಸ್-1 ಇದ್ದ ಕಡೆ ಈಗ ಟೆಸ್ಲಾ ರೂಪಿಸಿದ ಎನ್‌ಎಸಿಎಸ್ ಬರುತ್ತಿದೆ. ಟೆಸ್ಲಾ 2022ರಲ್ಲಿ ಅದನ್ನು ಬೇರೆಯವರಿಗೂ ತೆರೆದಿಟ್ಟಿತು, ನಂತರ ಅದು ಜೆ3400 ಎಂಬ ಹೆಸರಿನ ಮಾನದಂಡವಾಯಿತು. ಸಣ್ಣ ಊರುಗಳಲ್ಲಿ ವರ್ಷಗಳ ಹಿಂದೆ ಕೂರಿಸಿದ ಹಳೆಯ ಯಂತ್ರವೇ ಉಳಿದಿರುವುದು ಸಾಮಾನ್ಯ. ಹಾಗಾಗಿ ಗನ್ ಯಾವ ಬಗೆಯದು ಎಂದು ನೋಡದೆ ಹೊರಡಬೇಡಿ. ಅಡಾಪ್ಟರ್ ಇದ್ದರಾಯಿತು ಎಂದುಕೊಳ್ಳುವುದೂ ತಪ್ಪು. ಎಲ್ಲ ಜೋಡಿಗಳಿಗೂ ಅಡಾಪ್ಟರ್ ಸಿಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕಾರು ತಯಾರಕರು ಒಪ್ಪುವುದಿಲ್ಲ.

ಎಸಿ ಚಾರ್ಜಿಂಗ್ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲಿ. ಚಾರ್ಜಿಂಗ್ ಕಂಬದ ಮೇಲೆ 22 ಕಿಲೋವ್ಯಾಟ್ ಎಂದು ಬರೆದಿದ್ದರೂ, ಎಸಿಯನ್ನು ಡಿಸಿಯಾಗಿ ಬದಲಿಸುವ ಕೆಲಸ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್‌ನದು. ಅದು 7.2 ಕಿಲೋವ್ಯಾಟ್‌ನದಾದರೆ ಅದಕ್ಕಿಂತ ಹೆಚ್ಚು ಒಳಗೆ ಹೋಗುವುದಿಲ್ಲ. ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. 11 ಕಿಲೋವ್ಯಾಟ್ ಕಂಬ ಎಂದರೆ ಮೂರು ಫೇಸ್, ಪ್ರತಿಯೊಂದರಲ್ಲಿ 16 ಆಂಪಿಯರ್. ನಿಮ್ಮ ಕಾರು ಸಿಂಗಲ್ ಫೇಸ್‌ನದಾದರೆ ಅದು ಮೂರರಲ್ಲಿ ಒಂದನ್ನು ಮಾತ್ರ ಬಳಸುತ್ತದೆ, ಆಗ ಸಿಗುವುದು ಸುಮಾರು 3.7 ಕಿಲೋವ್ಯಾಟ್. ಅದೇ ಕಾರಿಗೆ 22 ಕಿಲೋವ್ಯಾಟ್ ಕಂಬದಲ್ಲಿ ಫೇಸಿಗೆ 32 ಆಂಪಿಯರ್ ಇರುವುದರಿಂದ ಪೂರ್ತಿ 7.2 ಸಿಗುತ್ತದೆ. 7.2 ಮಿತಿಯ ಕಾರಿಗೆ 11ರ ಕಂಬ ಸಾಕು ಎಂದು ನಂಬಿ ಹೋದವರು ಎರಡರಷ್ಟು ಹೊತ್ತು ಕಾಯಬೇಕಾಗಿ ಬರುವುದು ಇದರಿಂದಲೇ.

ಹಂತ 2: ನಿಮಗೆ ನಿಜವಾಗಿ ಎಷ್ಟು ಬೇಕು?

ಪ್ರತಿ ಸಲ ಪೂರ್ತಿ ತುಂಬಿಸಬೇಕಿಲ್ಲ. 40 ಯೂನಿಟ್ ಬ್ಯಾಟರಿಯನ್ನು ಶೇ 20ರಿಂದ ಶೇ 80ಕ್ಕೆ ಏರಿಸಲು 24 ಯೂನಿಟ್ ಸಾಕು. ಚಾರ್ಜ್ ಆಗುವಾಗ ನಷ್ಟವಾಗುವುದನ್ನೂ ಸೇರಿಸಿದರೆ 7.2 ಕಿಲೋವ್ಯಾಟ್ ಎಸಿಯಲ್ಲಿ ನಾಲ್ಕು ಗಂಟೆಯ ಹತ್ತಿರ, 3.7ರಲ್ಲಿ ಏಳು ಗಂಟೆಗೂ ಹೆಚ್ಚು, 30 ಕಿಲೋವ್ಯಾಟ್ ಡಿಸಿಯಲ್ಲಿ 50 ನಿಮಿಷ. ಊಟ ಮಾಡುವಷ್ಟು ಹೊತ್ತು ನಿಲ್ಲುವವರಿಗೆ ಡಿಸಿ ಬೇಕು. ರಾತ್ರಿ ತಂಗುವವರಿಗೆ, ಇಡೀ ದಿನ ಕೆಲಸದ ಜಾಗದಲ್ಲಿ ಕಾರು ನಿಲ್ಲಿಸುವವರಿಗೆ ನಿಧಾನದ ಎಸಿಯೇ ಧಾರಾಳ.

ಹಂತ 3: ಒಂದೇ ನಕ್ಷೆಯನ್ನು ನಂಬಬೇಡಿ

ಕಾರಿನ ಪರದೆಯಲ್ಲಿ ಒಂದು ಪಟ್ಟಿ, ಚಾರ್ಜಿಂಗ್ ಕಂಪನಿಯ ಆ್ಯಪ್‌ನಲ್ಲಿ ಇನ್ನೊಂದು, ಪ್ಲಗ್‌ಶೇರ್‌ನಲ್ಲಿ ಮತ್ತೊಂದು ಕಾಣುತ್ತದೆ. ಇದಕ್ಕೆ ಕಾರಣವಿದೆ. ಕಂಪನಿಯ ಆ್ಯಪ್‌ಗೆ ತನ್ನ ಯಂತ್ರಗಳ ಈಗಿನ ಸ್ಥಿತಿ ಗೊತ್ತು, ಆದರೆ ಬೇರೆಯವರದು ಗೊತ್ತಿರಲೇಬೇಕೆಂದಿಲ್ಲ. ಪ್ಲಗ್‌ಶೇರ್, ಓಪನ್ ಚಾರ್ಜ್ ಮ್ಯಾಪ್, ಓಪನ್‌ಸ್ಟ್ರೀಟ್‌ಮ್ಯಾಪ್‌ಗಳಲ್ಲಿ ಬಳಕೆದಾರರೇ ಮಾಹಿತಿ ಸೇರಿಸುತ್ತಾರೆ. ಹಾಗಾಗಿ ಹೋಟೆಲಿನ ಹಿಂಬದಿಯ ಒಂಟಿ ಸಾಕೆಟ್ ಕೂಡ ಅಲ್ಲಿ ಸಿಗಬಹುದು. ಆದರೆ ಯಾರೂ ಹೋಗದ ಊರಿನ ಮಾಹಿತಿ ಅಲ್ಲಿ ಹಳತಾಗಿರುತ್ತದೆ. ಎರಡೂ ಬಗೆಯವನ್ನು ಜೊತೆಗಿಟ್ಟು ನೋಡಿ.

ಸ್ಥಿತಿ ಸೂಚಿಸುವ ಪದಗಳನ್ನು ಸರಿಯಾಗಿ ಓದುವುದು ಮುಖ್ಯ. ಹೆಚ್ಚಿನ ಸಾರ್ವಜನಿಕ ಚಾರ್ಜರ್‌ಗಳು ಒಸಿಪಿಪಿ ಎಂಬ ನಿಯಮಾವಳಿಯ ಮೂಲಕ ಕೇಂದ್ರದ ಸರ್ವರ್‌ಗೆ ತಮ್ಮ ಸ್ಥಿತಿ ಹೇಳುತ್ತಿರುತ್ತವೆ. ‘ಅವೈಲೆಬಲ್’ ಎಂದರೆ ಯಂತ್ರ ಕೊನೆಯ ಸಲ ಮಾತಾಡಿದಾಗ ಗನ್ ಖಾಲಿ ಇತ್ತು ಎಂದಷ್ಟೇ ಅರ್ಥ. ಅದರ ಮುಂದೆ ಪೆಟ್ರೋಲ್ ಕಾರು ನಿಂತಿದೆಯೇ, ಗೇಟಿಗೆ ಬೀಗ ಬಿದ್ದಿದೆಯೇ ಎಂಬುದು ಯಂತ್ರಕ್ಕೆ ತಿಳಿಯದು. ‘ಫಾಲ್ಟೆಡ್’ ಎಂದರೆ ದೋಷವಿದೆ ಎಂದು ಯಂತ್ರವೇ ಒಪ್ಪಿಕೊಂಡಂತೆ. ‘ಫಿನಿಶಿಂಗ್’ ಎಂದರೆ ಚಾರ್ಜ್ ಮುಗಿದಿದೆ, ಕಾರನ್ನು ಇನ್ನೂ ತೆಗೆದಿಲ್ಲ. ‘ಆಫ್‌ಲೈನ್’ ಕಂಡ ಕೂಡಲೇ ಕೈಬಿಡಬೇಡಿ. ಕೆಲವೊಮ್ಮೆ ಕೆಟ್ಟಿರುವುದು ನೆಟ್‌ವರ್ಕ್ ಮಾತ್ರ, ಅಂಥ ಹೊತ್ತಿನಲ್ಲಿ ಆರ್‌ಎಫ್‌ಐಡಿ ಕಾರ್ಡ್ (ಹತ್ತಿರ ಹಿಡಿದರೆ ಯಂತ್ರ ಗುರುತು ಹಿಡಿಯುವ ಕಾರ್ಡ್) ತೋರಿಸಿದರೆ ಚಾರ್ಜಿಂಗ್ ಶುರುವಾಗುವ ಯಂತ್ರಗಳಿವೆ. ಆ ಊರಿಗೆ ಪದೇ ಪದೇ ಹೋಗುವವರು ಅಲ್ಲಿನ ಕಂಪನಿಯ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಬಳಕೆದಾರರ ಟಿಪ್ಪಣಿ ಓದುವಾಗ ನಕ್ಷತ್ರಗಳ ಸರಾಸರಿಯನ್ನು ಬಿಟ್ಟುಬಿಡಿ. ತೀರ ಈಚಿನ ಟಿಪ್ಪಣಿ ಯಾವ ತಾರೀಖಿನದು, ಯಾವ ಕಾರು, ಎಷ್ಟು ಕಿಲೋವ್ಯಾಟ್ ಸಿಕ್ಕಿತು ಎಂಬ ಮೂರನ್ನು ನೋಡಿ. ಆರು ತಿಂಗಳಿಂದ ಯಾರೂ ಏನೂ ಬರೆದಿಲ್ಲವೆಂದರೆ ಆ ಚಾರ್ಜರ್ ಸರಿಯಿದೆ ಎಂದೇನೂ ಅಲ್ಲ, ಕೆಟ್ಟಿದೆ ಎಂದೂ ಅಲ್ಲ. ಮುಂದಿನ ಹಂತಕ್ಕೆ ಹೋಗದೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 4: ಫೋನ್ ಮಾಡಿ ಕೇಳಿ

ಹಳೆಯ ವಿಧಾನ, ಆದರೆ ಸಣ್ಣ ಊರಿನಲ್ಲಿ ಇದರಷ್ಟು ಖಚಿತವಾದದ್ದು ಬೇರೆ ಇಲ್ಲ. ಕಂಪನಿಯ ಸಹಾಯವಾಣಿಗಿಂತ ಚಾರ್ಜರ್ ಇರುವ ಜಾಗದವರಿಗೆ ಮಾಡಿ: ಹೋಟೆಲಿನ ಸ್ವಾಗತ ಮೇಜು, ಪೆಟ್ರೋಲ್ ಬಂಕ್, ಅಂಗಡಿ, ಕಾರು ಶೋರೂಮ್. ‘ಚಾರ್ಜರ್ ಇದೆಯಾ’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರವೇ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಹೀಗೆ ಕೇಳಿ:

- ಇವತ್ತು ಅಥವಾ ನಿನ್ನೆ ಯಾವುದಾದರೂ ಕಾರು ಅಲ್ಲಿ ಚಾರ್ಜ್ ಆಗಿದ್ದನ್ನು ನೋಡಿದಿರಾ?
- ಹೊರಗಿನವರೂ ಬಳಸಬಹುದಾ, ಇಲ್ಲ ನಿಮ್ಮಲ್ಲಿ ತಂಗಿದವರಿಗೆ, ನಿಮ್ಮ ಕಂಪನಿಯ ಕಾರಿಗೆ ಮಾತ್ರವಾ?
- ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ? ರಜೆ ದಿನ ಕೀಲಿ ಯಾರ ಹತ್ತಿರ ಇರುತ್ತದೆ?
- ಕರೆಂಟ್ ಹೋದರೆ ಚಾರ್ಜರ್ ನಡೆಯುತ್ತದಾ?

ಶೋರೂಮ್‌ನ ಚಾರ್ಜರ್ ಬಗ್ಗೆ ಎರಡನೆಯ ಪ್ರಶ್ನೆಯನ್ನು ಮರೆಯದೆ ಕೇಳಿ. ಎಷ್ಟೋ ಕಡೆ ಅದು ಸಾರ್ವಜನಿಕ ನಕ್ಷೆಯಲ್ಲಿ ಕಾಣಿಸುತ್ತದೆ, ಆದರೆ ಮಾರಾಟಕ್ಕಿಟ್ಟ ಕಾರುಗಳೇ ಅದನ್ನು ಹಿಡಿದುಕೊಂಡಿರುತ್ತವೆ.

ಹಂತ 5: ಬೇರೆ ಬೇರೆ ಎಂದು ಕಾಣುವವು ನಿಜಕ್ಕೂ ಬೇರೆಯೇ ಎಂದು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಈ ಹಂತಕ್ಕೆ.

ಒಂದು ಪೆಟ್ಟಿಗೆಗೆ ಎರಡು ಗನ್ ಇದ್ದರೆ ನಕ್ಷೆ ಅದನ್ನು ಎರಡು ಎಂದು ಎಣಿಸಬಹುದು. ಆದರೆ ಪೆಟ್ಟಿಗೆಯ ಒಳಗಿನ ವಿದ್ಯುತ್ ಭಾಗ, ಪರದೆ, ಸಿಮ್ ಕಾರ್ಡ್ ಒಂದೇ. ಅದು ಕೆಟ್ಟರೆ ಎರಡೂ ಹೋದವು. ಕೆಟ್ಟಿಲ್ಲದಿದ್ದರೂ 60 ಕಿಲೋವ್ಯಾಟ್ ಯಂತ್ರಕ್ಕೆ ಎರಡು ಕಾರು ಬಂದರೆ ಹಲವು ಮಾದರಿಗಳಲ್ಲಿ 30-30 ಎಂದು ಹಂಚಿಹೋಗುತ್ತದೆ. ಒಂದು ಸಿಸಿಎಸ್, ಒಂದು ಚಾಡೆಮೊ ಇರುವ ಕೆಲವು ಹಳೆಯ ಯಂತ್ರಗಳಲ್ಲಿ ಒಂದು ಹೊತ್ತಿಗೆ ಒಂದು ಗನ್ ಮಾತ್ರ ನಡೆಯುತ್ತದೆ.

ಇದು ಯಾಕಿಷ್ಟು ಮುಖ್ಯ ಎಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡೋಣ. ಅಮೆರಿಕದಲ್ಲಿ ಕೇಂದ್ರ ಸರಕಾರದ ಹಣದಿಂದ ಕಟ್ಟುವ ಚಾರ್ಜರ್‌ಗಳಿಗೆ 2023ರಲ್ಲಿ ನಿಗದಿಪಡಿಸಿದ ಮಟ್ಟ ವರ್ಷದ ಶೇ 97ರಷ್ಟು ಸಮಯ ಕೆಲಸ ಮಾಡುತ್ತಿರಬೇಕು ಎಂಬುದು. ಕೇಳಲು ಚೆನ್ನಾಗಿದೆ. ಆದರೆ ಉಳಿದ ಶೇ 3 ಎಂದರೆ ವರ್ಷಕ್ಕೆ ಸುಮಾರು 11 ದಿನ. ಊರಿಗೆಲ್ಲ ಇರುವುದು ಒಂದೇ ಯಂತ್ರವಾದರೆ ಆ 11 ದಿನ ಊರಿನಲ್ಲಿ ಚಾರ್ಜಿಂಗ್ ಇಲ್ಲವೆಂದೇ ಅರ್ಥ. ಅಷ್ಟೇ ಗುಣಮಟ್ಟದ ಎರಡನೆಯ ಯಂತ್ರ ಬೇರೆ ಜಾಗದಲ್ಲಿ, ಬೇರೆ ಸಂಪರ್ಕದಲ್ಲಿ ಇದ್ದು, ಒಂದರ ದೋಷಕ್ಕೂ ಇನ್ನೊಂದರ ದೋಷಕ್ಕೂ ಸಂಬಂಧವಿಲ್ಲದಿದ್ದರೆ, ಎರಡೂ ಒಟ್ಟಿಗೆ ಕೆಟ್ಟಿರುವ ಸಮಯ ವರ್ಷಕ್ಕೆ ಎಂಟು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. 11 ದಿನ ಎಲ್ಲಿ, 8 ಗಂಟೆ ಎಲ್ಲಿ! ಎರಡನೆಯದು ನಿಧಾನದ ಎಸಿ ಕಂಬವಾಗಿದ್ದರೂ ಈ ಲೆಕ್ಕ ನಿಲ್ಲುತ್ತದೆ. ಆದರೆ ಎರಡೂ ಒಂದೇ ಟ್ರಾನ್ಸ್‌ಫಾರ್ಮರ್ ಮೇಲಿದ್ದರೆ ಕರೆಂಟ್ ಹೋದಾಗ ಒಟ್ಟಿಗೇ ಹೋಗುತ್ತವೆ. ಒಂದೇ ಕಂಪನಿಯವಾದರೆ ಸರ್ವರ್ ಬಿದ್ದಾಗ ಒಟ್ಟಿಗೇ ನಿಲ್ಲುತ್ತವೆ.

ಆದ್ದರಿಂದ ಪಟ್ಟಿ ಮಾಡುವಾಗ ಪ್ರತಿ ಚುಕ್ಕೆಯ ಮುಂದೆ ಯಾವ ಕಂಪನಿ, ಯಾವ ಆವರಣ, ಯಾವ ಪೆಟ್ಟಿಗೆ ಎಂದು ಬರೆಯಿರಿ. ಮೂರೂ ಬೇರೆಯಾಗಿರುವ ಎರಡು ಚಾರ್ಜರ್ ಸಿಕ್ಕಿದರೆ ಆ ಊರನ್ನು ನಂಬಬಹುದು. ಸಿಗದಿದ್ದರೆ ನಿಮ್ಮ ಎರಡನೆಯ ಚಾರ್ಜರ್ ಮುಂದಿನ ಊರಿನಲ್ಲಿದೆ ಎಂದು ತಿಳಿದು ಹೊರಡಿ.

ಹಂತ 6: ಉಳಿಕೆ ಚಾರ್ಜ್ ಲೆಕ್ಕ ಹಾಕಿ

ಸಣ್ಣ ಊರನ್ನು ತಲುಪುವಾಗ ಬ್ಯಾಟರಿಯಲ್ಲಿ ಕನಿಷ್ಠ ಎಷ್ಟಿರಬೇಕು? ಅಲ್ಲಿಂದ ಎರಡನೆಯ ಚಾರ್ಜರ್‌ಗೆ ಇರುವ ದೂರಕ್ಕೆ ಬೇಕಾದಷ್ಟು, ಅದರ ಮೇಲೆ ಮೂರನೇ ಒಂದು ಪಾಲು. ಕಾರು 100 ಕಿಲೋಮೀಟರ್‌ಗೆ 15 ಯೂನಿಟ್ ತಿನ್ನುತ್ತದೆ, ಎರಡನೆಯ ಚಾರ್ಜರ್ 40 ಕಿಲೋಮೀಟರ್ ದೂರ ಎಂದಿಟ್ಟುಕೊಳ್ಳಿ. 6 ಯೂನಿಟ್ ಬೇಕು, ಮೇಲೆ 2 ಸೇರಿಸಿದರೆ 8. 40 ಯೂನಿಟ್ ಬ್ಯಾಟರಿಯಲ್ಲಿ ಅದು ಶೇ 20.

ಏರು ದಾರಿ ಇದ್ದರೆ ಈ ಲೆಕ್ಕ ಸಾಲದು. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರು 1,000 ಮೀಟರ್ ಎತ್ತರ ಏರಲು, ರಸ್ತೆಯ ದೂರದ ಖರ್ಚು ಬಿಟ್ಟು ಬರೀ ಎತ್ತರಕ್ಕೇ ಸುಮಾರು 5 ಯೂನಿಟ್ ಬೇಕು. ಎಂದರೆ ಸಮತಟ್ಟಿನ ರಸ್ತೆಯಲ್ಲಿ 30 ಕಿಲೋಮೀಟರ್‌ಗೂ ಹೆಚ್ಚು ಓಡುವಷ್ಟು. ಇಳಿಯುವಾಗ ಅದರಲ್ಲಿ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ ನಿಜ, ಆದರೆ ಏರಿ ಮುಗಿಸುವ ಮೊದಲೇ ಖಾಲಿಯಾದರೆ ಅದರಿಂದ ಏನೂ ಉಪಯೋಗವಿಲ್ಲ. ಎದುರು ಗಾಳಿ, ಜೋರು ಮಳೆ, ಕೊರೆಯುವ ಚಳಿ ಇವೂ ರೇಂಜ್, ಎಂದರೆ ಒಂದು ಚಾರ್ಜ್‌ನಲ್ಲಿ ಓಡುವ ದೂರ, ಕಡಿಮೆ ಮಾಡುತ್ತವೆ. ಚಳಿಯಲ್ಲಿ ಇನ್ನೊಂದು ತೊಂದರೆಯೂ ಇದೆ: ಬ್ಯಾಟರಿ ತಣ್ಣಗಿದ್ದರೆ ಡಿಸಿ ಚಾರ್ಜರ್ ಎಷ್ಟೇ ದೊಡ್ಡದಾಗಿರಲಿ, ಕಾರೇ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಬ್ಯಾಟರಿ ಬೆಚ್ಚಗೆ ಮಾಡುವ ಸೌಲಭ್ಯ ಕಾರಿನಲ್ಲಿದ್ದರೆ ಚಾರ್ಜರ್ ತಲುಪುವ ಮೊದಲೇ ಶುರು ಮಾಡಿ.

ಹಂತ 7: ಅವಸರವಿಲ್ಲದ ದಿನ ಒಮ್ಮೆ ಪರೀಕ್ಷಿಸಿ

ಅದೇ ಊರಿನಲ್ಲಿ ವಾಸವಾಗಿದ್ದರೆ ಇದನ್ನು ಬಿಡಬೇಡಿ. ಕಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವಾಗಲೇ ಹೋಗಿ ಹತ್ತು ನಿಮಿಷ ಚಾರ್ಜ್ ಮಾಡಿ ನೋಡಿ. ಕೇಬಲ್ ನಿಮ್ಮ ಕಾರಿನ ಸಾಕೆಟ್‌ವರೆಗೆ ಬರುತ್ತದೆಯೇ, ಎಸಿ ಕಂಬವಾದರೆ ಕೇಬಲ್ ನೀವೇ ತರಬೇಕೇ, ಅಲ್ಲಿ ಫೋನಿಗೆ ಸಿಗ್ನಲ್ ಬರುತ್ತದೆಯೇ, ರಾತ್ರಿ ಬೆಳಕಿದೆಯೇ, ಯಂತ್ರದ ಗುರುತಿನ ಸಂಖ್ಯೆ ಎಲ್ಲಿ ಅಂಟಿಸಿದ್ದಾರೆ ಎಂದು ಗಮನಿಸಿ. ಆ್ಯಪ್ ಇಳಿಸಿಕೊಂಡು, ಖಾತೆ ತೆರೆದು, ಹಣ ಪಾವತಿ ವ್ಯವಸ್ಥೆಯನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಸಿಗ್ನಲ್ ಸರಿಯಿಲ್ಲದ ಜಾಗದಲ್ಲಿ ಒಟಿಪಿಗೆ ಕಾಯುತ್ತ ನಿಲ್ಲುವ ಕಷ್ಟ ಯಾರಿಗೂ ಬೇಡ.

ಹಂತ 8: ಗನ್ ಹಾಕಿದ ಮೇಲೂ ಚಾರ್ಜ್ ಶುರುವಾಗದಿದ್ದರೆ

ಮೊದಲು ಯಂತ್ರದ ಮೇಲಿನ ಕೆಂಪು ಎಮರ್ಜೆನ್ಸಿ ಗುಂಡಿಯನ್ನು ನೋಡಿ. ಯಾರೋ ಒತ್ತಿ ಹೋಗಿದ್ದರೆ ಯಂತ್ರ ಸತ್ತಂತೆ ಕಾಣುತ್ತದೆ. ಸುತ್ತಮುತ್ತ ಸುಟ್ಟ ವಾಸನೆ, ಹರಿದ ಕೇಬಲ್, ನೀರು ನಿಂತದ್ದು ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು, ಸಾಧ್ಯವಾದರೆ ಅಲ್ಲಿನವರನ್ನು ಕೇಳಿ, ಗುಂಡಿಯನ್ನು ತಿರುಗಿಸಿ ಬಿಡಿ.

ನಂತರ ಗನ್ ತೆಗೆದು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಡಿಸಿ ಕೇಬಲ್ ಭಾರ ಹೆಚ್ಚು, ಗನ್ ಕೆಳಕ್ಕೆ ಜಗ್ಗಿದರೆ ಒಳಗಿನ ಪಿನ್ ಸರಿಯಾಗಿ ಕೂರುವುದಿಲ್ಲ. ಚಾರ್ಜ್ ಶುರುವಾಗಿ ಲಾಕ್ ಆಗುವವರೆಗೆ ಅದನ್ನು ಕೈಯಿಂದ ಮೇಲೆತ್ತಿ ಹಿಡಿಯಿರಿ. ಕಾರಿನಲ್ಲಿ ಇಂತಿಷ್ಟು ಗಂಟೆಗೆ ಚಾರ್ಜ್ ಆಗಲಿ ಎಂದು ಸಮಯ ಗೊತ್ತುಪಡಿಸಿದ್ದರೆ ಅದನ್ನು ತೆಗೆಯಿರಿ, ಮನೆಯಲ್ಲಿ ಇಟ್ಟ ಆ ವ್ಯವಸ್ಥೆ ಇಲ್ಲಿ ಅಡ್ಡ ಬರುತ್ತದೆ. ಆದರೂ ಆಗದಿದ್ದರೆ ಇನ್ನೊಂದು ಗನ್, ಅದೂ ಆಗದಿದ್ದರೆ ಸಹಾಯವಾಣಿ. ಯಂತ್ರದ ಸಂಖ್ಯೆ ಹೇಳಿ, ದೂರದಿಂದಲೇ ರೀಸ್ಟಾರ್ಟ್ ಮಾಡಲು ಕೇಳಿ. ಬಹಳಷ್ಟು ದೋಷಗಳು ಅದರಿಂದಲೇ ಸರಿಹೋಗುತ್ತವೆ. ಚಾರ್ಜ್ ಮುಗಿದ ಮೇಲೆ ಗನ್ ಬಾರದಿದ್ದರೆ ಎಳೆದಾಡಬೇಡಿ. ಕಾರನ್ನು ಲಾಕ್ ಮಾಡಿ ಅನ್‌ಲಾಕ್ ಮಾಡಿ. ಅದಕ್ಕೂ ಬಿಡದಿದ್ದರೆ ಅನೇಕ ಕಾರುಗಳಲ್ಲಿ ಕೈಯಿಂದ ಎಳೆದು ಬಿಡಿಸುವ ಸಣ್ಣ ದಾರವಿರುತ್ತದೆ, ಎಲ್ಲಿದೆ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ.

ಶೇ 80ರ ಸುತ್ತ ಬಂದ ಮೇಲೆ ಡಿಸಿ ವೇಗ ಇಳಿಯುತ್ತದೆ. ತುಂಬುತ್ತ ಬಂದ ಲಿಥಿಯಂ ಬ್ಯಾಟರಿಗೆ ಜೋರಾಗಿ ತುರುಕಿದರೆ ಕೋಶಗಳಿಗೆ ಹಾನಿ, ಅದಕ್ಕೆ ಕಾರೇ ತಡೆಯುತ್ತದೆ. ಊರಿಗೆ ಒಂದೇ ಡಿಸಿ ಯಂತ್ರ ಇದ್ದು ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ನಿಲ್ಲಿಸಿ ಜಾಗ ಬಿಡಿ. ಕಾರು ಬಿಟ್ಟು ಹೋಗುವುದಾದರೆ ಗಾಜಿನ ಹಿಂದೆ ಫೋನ್ ನಂಬರ್ ಇಟ್ಟು ಹೋಗಿ.

ಹಂತ 9: ಚಾರ್ಜರ್ ಇಲ್ಲವೇ ಇಲ್ಲದ ಊರಿನಲ್ಲಿ

ಸಾಕೆಟ್ ಇರುವ ಕಡೆಯೆಲ್ಲ ಚಾರ್ಜಿಂಗ್ ಇದೆ, ನಿಧಾನ ಅಷ್ಟೇ. 230 ವೋಲ್ಟ್, 10 ಆಂಪಿಯರ್ ಸಾಕೆಟ್ ಎಂದರೆ 2.3 ಕಿಲೋವ್ಯಾಟ್. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ ನಷ್ಟ ಕಳೆದು 20 ಯೂನಿಟ್, ಎಂದರೆ ನೂರು ಕಿಲೋಮೀಟರ್‌ಗೂ ಹೆಚ್ಚು. ತಂಗುವ ಜಾಗ ಗೊತ್ತುಮಾಡುವಾಗಲೇ ಕಾರು ನಿಲ್ಲಿಸುವಲ್ಲಿ ಒಳ್ಳೆಯ ಅರ್ಥಿಂಗ್ ಇರುವ ಸಾಕೆಟ್ ಇದೆಯೇ ಎಂದು ಕೇಳಿ, ಬಳಸಿದ ಯೂನಿಟ್‌ಗೆ ಹಣ ಕೊಡುತ್ತೇನೆಂದು ನೀವೇ ಮೊದಲು ಹೇಳಿ.

ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಬಳಸಿ, ಅದರಲ್ಲಿ ಆಂಪಿಯರ್ ಕಡಿಮೆ ಮಾಡುವ ಅವಕಾಶವಿದ್ದರೆ ಹಳೆಯ ಕಟ್ಟಡದಲ್ಲಿ ಕಡಿಮೆ ಮಾಡಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ. ಗಂಟೆಗಟ್ಟಲೆ ಪೂರ್ತಿ ಹೊರೆ ಹೊತ್ತಾಗ ಅದು ಕರಗಿ ಬೆಂಕಿ ಹತ್ತಬಹುದು. ಶುರು ಮಾಡಿದ ಅರ್ಧ ಗಂಟೆಗೆ ಹೋಗಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ತಕ್ಷಣ ನಿಲ್ಲಿಸಿ.

ಹಂತ 10: ಊರಿಗೆ ಇನ್ನಷ್ಟು ಚಾರ್ಜರ್ ತರಿಸಲು

ಊರಿನವರು ಸ್ಥಳೀಯ ಆಡಳಿತದ ಬಳಿ ಹೋದಾಗ ‘ಒಂದು ದೊಡ್ಡ ಫಾಸ್ಟ್ ಚಾರ್ಜರ್ ಹಾಕಿಸಿಕೊಡಿ’ ಎಂದು ಕೇಳುವುದೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ. 60 ಕಿಲೋವ್ಯಾಟ್‌ನ ಒಂದು ಡಿಸಿ ಯಂತ್ರಕ್ಕೆ ಬೇಕಾದಷ್ಟೇ ಹೊರೆಯಲ್ಲಿ 7 ಕಿಲೋವ್ಯಾಟ್‌ನ ಎಂಟು ಎಸಿ ಕಂಬ ನಡೆಸಬಹುದು. ಲೋಡ್ ಮ್ಯಾನೇಜ್‌ಮೆಂಟ್ ಇದ್ದರೆ, ಎಂದರೆ ಎಷ್ಟು ಕಾರು ನಿಂತಿವೆ ಎಂದು ನೋಡಿ ಇರುವ ವಿದ್ಯುತ್ತನ್ನು ಹಂಚುವ ವ್ಯವಸ್ಥೆ ಇದ್ದರೆ, ಅದಕ್ಕಿಂತ ಚಿಕ್ಕ ಸಂಪರ್ಕವೂ ಸಾಕು. ಎಸಿ ಕಂಬದೊಳಗೆ ಕೆಡುವ ಭಾಗ ಕಡಿಮೆ, ರಿಪೇರಿ ಸುಲಭ. ಊರಿನಲ್ಲೇ ಇರುವವರ ಕಾರು ದಿನದ ಬಹುಪಾಲು ನಿಂತೇ ಇರುತ್ತದೆ. ಆಸ್ಪತ್ರೆ, ಗ್ರಂಥಾಲಯ, ಬಸ್ ನಿಲ್ದಾಣ, ಕಚೇರಿಗಳ ಬಳಿ ಎರಡೆರಡು ಕಂಬ ಹಾಕಿದರೆ ಮೊದಲು ಹೇಳಿದ ಬೇರೆ ಬೇರೆ ಚಾರ್ಜರ್‌ಗಳ ಲೆಕ್ಕವೂ ಕೂಡಿಬರುತ್ತದೆ. ಹೆದ್ದಾರಿ ಹಾದುಹೋಗುವ ಊರಾದರೆ ಡಿಸಿ ಬೇಕೇ ಬೇಕು. ಆಗಲೂ ಒಂದು ದೊಡ್ಡದಕ್ಕಿಂತ ಎರಡು ಪ್ರತ್ಯೇಕ ಪೆಟ್ಟಿಗೆಗಳನ್ನು ಕೇಳಿ.

ಮನವಿ ಬರೆಯುವಾಗ ಒಪ್ಪಂದದಲ್ಲಿ ಏನೇನಿರಬೇಕು ಎಂಬುದನ್ನೂ ಸೇರಿಸಿ. ಯಂತ್ರ ಒಸಿಪಿಪಿ ಬೆಂಬಲಿಸಬೇಕು, ಇಲ್ಲದಿದ್ದರೆ ನಡೆಸುವ ಕಂಪನಿ ಮುಚ್ಚಿದ ದಿನ ಬೇರೆಯವರು ವಹಿಸಿಕೊಳ್ಳುವುದು ಕಷ್ಟ. ಖಾತೆ ತೆರೆಯದೆಯೂ ಹಣ ಕೊಟ್ಟು ಚಾರ್ಜ್ ಮಾಡುವಂತಿರಬೇಕು. ಯುರೋಪಿಯನ್ ಒಕ್ಕೂಟ 2024ರ ಏಪ್ರಿಲ್ 13ರಿಂದ ಹೊಸ ಸಾರ್ವಜನಿಕ ಚಾರ್ಜರ್‌ಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಕೆಟ್ಟರೆ ಎಷ್ಟು ಗಂಟೆಯೊಳಗೆ ಯಾರು ಬಂದು ನೋಡಬೇಕು ಎಂಬುದೂ ಬರಹದಲ್ಲಿರಬೇಕು. ಬ್ರಿಟನ್ನಿನ 2023ರ ನಿಯಮಗಳು ವೇಗದ ಚಾರ್ಜರ್‌ಗಳ ಜಾಲ ವರ್ಷದಲ್ಲಿ ಸರಾಸರಿ ಶೇ 99 ಸಮಯ ಕೆಲಸ ಮಾಡಬೇಕೆನ್ನುತ್ತವೆ. ಇಡೀ ಜಾಲದ ಸರಾಸರಿ ಚೆನ್ನಾಗಿದ್ದೂ ನಿಮ್ಮ ಊರಿನ ಒಂಟಿ ಯಂತ್ರ ತಿಂಗಳುಗಟ್ಟಲೆ ಕೆಟ್ಟಿರಲು ಸಾಧ್ಯ. ಹಾಗಾಗಿ ಒಪ್ಪಂದದ ಮಾತು ನಿಮ್ಮ ಊರಿನ ಯಂತ್ರದ ಬಗ್ಗೆಯೇ ಇರಲಿ.

ಹಂತ 11: ಪ್ರತಿ ಸಲ ಎರಡು ಸಾಲು ಬರೆಯಿರಿ

ಚಾರ್ಜ್ ಮುಗಿಸಿ ಹೊರಡುವ ಮೊದಲು ನಕ್ಷೆಯಲ್ಲಿ ಒಂದು ಟಿಪ್ಪಣಿ ಹಾಕಿ. ದೊಡ್ಡ ನಗರದಲ್ಲಿ ನಿಮ್ಮ ಟಿಪ್ಪಣಿ ನೂರರಲ್ಲಿ ಒಂದು. ಇಲ್ಲಿ ಆ ತಿಂಗಳಿಗೆಲ್ಲ ಅದೊಂದೇ ಇರಬಹುದು. ಯಾವ ಗನ್, ಯಾವ ಕಾರು, ಬ್ಯಾಟರಿ ಎಷ್ಟಿದ್ದಾಗ ಎಷ್ಟು ಕಿಲೋವ್ಯಾಟ್ ಬಂತು, ಗೇಟು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬಷ್ಟನ್ನು ಬರೆಯಿರಿ. ಚಾರ್ಜ್ ಆಗದೆ ಮರಳಿದ್ದರೆ ಪರದೆಯಲ್ಲಿ ಕಂಡ ದೋಷದ ಸಂಖ್ಯೆಯ ಫೋಟೊ ಸೇರಿಸಿ, ಅದನ್ನೇ ಕಂಪನಿಗೂ ಕಳಿಸಿ. ಮುಚ್ಚಿಹೋದ ಚಾರ್ಜರ್ ಇನ್ನೂ ನಕ್ಷೆಯಲ್ಲಿದ್ದರೆ ತೆಗೆಯುವಂತೆ ಗುರುತು ಮಾಡಿ, ಹೊಸದೊಂದು ಕಣ್ಣಿಗೆ ಬಿದ್ದರೆ ಅಲ್ಲೇ ನಿಂತು ಸೇರಿಸಿ.